ಇಪ್ಪತ್ತೊಂದು ದಿನ ಇಟ್ಟುಕೊಂಡ ಬೈಕು

ನನ್ನ ತಮ್ಮನಿಗೆ ಬಜಾರಿನಲ್ಲಿ ಎಲ್ಲರೂ ಭೂತಗನ್ನಡಿ ಎನ್ನುತ್ತಾರೆ. ಗಡಿಯಾರ ರಿಪೇರಿ ಅವನ ಕಸುಬು. ಬಲಗಣ್ಣಿಗೆ ಸಿಕ್ಕಿಸಿಕೊಂಡ ಆ ಕಪ್ಪು ಮಸೂರ ಊಟಕ್ಕೆ ಕೂತಾಗ ಹಣೆಯ ಮೇಲೆ ಏರುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಒಂದೇ ಮಳಿಗೆಯಲ್ಲಿ ಅರ್ಧ ಅವನದು, ಅರ್ಧ ನನ್ನದು. ಅವನ ಕಡೆ ಗಾಜಿನ ಪೆಟ್ಟಿಗೆ, ಚಿಮಟ, ಸಾಸಿವೆಗಿಂತ ಸಣ್ಣ ತಿರುಪುಗಳು. ನನ್ನ ಕಡೆ ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಶಾಲೆ ಮಕ್ಕಳ ಸಮವಸ್ತ್ರ. ನಡುವೆ ಗೋಡೆಯಿಲ್ಲ. ಅಕ್ಕ ತಮ್ಮ ದಿನವಿಡೀ ಜಗಳಾಡಲು ಗೋಡೆ ಯಾಕೆ ಬೇಕು?

ಅವನಿಗೊಂದು ನಂಬಿಕೆ. ಮನುಷ್ಯನ ಗುಣ ತಿಳಿಯಬೇಕಾದರೆ ಮುಖ ನೋಡಬಾರದು, ಅವನ ಕೈಗಡಿಯಾರದ ಬೆನ್ನು ಬಿಚ್ಚಿ ನೋಡಬೇಕಂತೆ. ಈ ಕಸುಬಿನವರು ಗಡಿಯಾರ ರಿಪೇರಿ ಮಾಡಿದಾಗಲೆಲ್ಲ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಮ್ಮ ಗುರುತು, ತಿಂಗಳು, ವರ್ಷ ಗೀರಿಡುತ್ತಾರೆ. ಗಿರಾಕಿಗೆ ಅದು ಗೊತ್ತೇ ಇರುವುದಿಲ್ಲ. ನನ್ನ ತಮ್ಮ ಅದನ್ನು ಜಾತಕ ಓದಿದ ಹಾಗೆ ಓದುತ್ತಾನೆ. "ಇವನು ನಿಂತುಹೋದ ಮೇಲಷ್ಟೇ ತರ್ತಾನೆ, ಸೋಮಾರಿ." "ಈತ ನಾಲ್ಕು ಅಂಗಡಿ ಬದಲಾಯಿಸಿದಾನೆ ನೋಡಕ್ಕ, ಚೌಕಾಸಿ ಆಸಾಮಿ." ನಾನು ನಗುತ್ತಿದ್ದೆ. ನಿಜ ಹೇಳಬೇಕೆಂದರೆ ಹತ್ತರಲ್ಲಿ ಎಂಟು ಸಲ ಅವನ ಮಾತು ಸರಿಯಿರುತ್ತಿತ್ತು. ಆ ಎಂಟೇ ಅವನನ್ನು ಕೆಡಿಸಿದ್ದು.

ಅವನಿಗೆ ಒಬ್ಬಳೇ ಮಗಳು. ತಾಯಿ ಹೋದಾಗ ಆರು ವರ್ಷದವಳು. ಜಡೆ ಹೆಣೆದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಲೆಕ್ಕ ತಪ್ಪಿದಾಗ ಬೈದವಳು ನಾನೇ. ನನಗೂ ಹಿಂದೆ ಮುಂದೆ ಯಾರೂ ಇಲ್ಲ. ಅವಳು ನರ್ಸ್ ಓದಿದಳು. ಊರಾಚೆ ಹನ್ನೊಂದು ಕಿಲೋಮೀಟರ್ ದೂರದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮೂರು ತಿಂಗಳು ಪರೀಕ್ಷೆಯ ಅವಧಿ. ಬೆಳಿಗ್ಗೆ ಆರಕ್ಕೆ ವಾರ್ಡಿನಲ್ಲಿರಬೇಕು. ಮೂರು ಸಲ ತಡವಾದರೆ ಮನೆಗೆ. ಖಾಯಂ ಆದವರಿಗಷ್ಟೇ ಹಾಸ್ಟೆಲ್ಲು. ನಮ್ಮ ಬೀದಿಯ ಮೊದಲ ಬಸ್ಸು ಹೊರಡುವುದೇ ಆರೂಕಾಲಿಗೆ! ಯಾವ ಪುಣ್ಯಾತ್ಮ ಈ ನಿಯಮಗಳನ್ನೆಲ್ಲ ಕೂತು ಮಾಡಿದನೋ, ಅವನು ಬಸ್ಸು ಹತ್ತಿದವನಲ್ಲ.

ಗೊತ್ತು ಮಾಡಿದ್ದ ಆಟೊದವನು ಮೊದಲ ತಿಂಗಳಲ್ಲೇ ಎರಡು ದಿನ ಕೈಕೊಟ್ಟ. ಎರಡು ತಡ ಅವಳ ಹೆಸರಿನ ಮುಂದೆ ಬಿತ್ತು. ಇನ್ನೊಂದು ಬಿದ್ದರೆ ಮುಗಿಯಿತು. ಆ ಸಂಜೆ ಹುಡುಗಿ ಊಟ ಮಾಡಲಿಲ್ಲ. "ಒಂದು ಬೈಕ್ ತಗೊಂಡುಬಿಡ್ತೀನಿ, ನಾನೇ ಬಿಟ್ಟು ಬರ್ತೀನಿ" ಎಂದ ನನ್ನ ತಮ್ಮ. ಹೊಸದಕ್ಕೆ ನಮ್ಮ ಕೈ ಎಟುಕುವುದಿಲ್ಲ. ಹಳೆಯದು ಹುಡುಕುತ್ತಿದ್ದೇವೆ ಎಂದು ಟೀ ಅಂಗಡಿಯಲ್ಲಿ ಒಂದು ಮಾತು ಹೇಳಿದ. ಅಷ್ಟೇ ಸಾಕಾಯಿತು.

ಮೂರನೇ ದಿನ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಯಿ ತುಂಬ ಅಣ್ಣ ಅಕ್ಕ. ನನ್ನನ್ನು ಕಂಡದ್ದೇ ಬಗ್ಗಿ ನಮಸ್ಕಾರ ಮಾಡಿದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಸುಮ್ಮನೆ ಹೇಳಿದ್ದಾರೆಯೇ? ಬೈಕನ್ನು ಅಂಗಡಿ ಮುಂದೆ ನಿಲ್ಲಿಸಿ ಒಂದೇ ಒದೆತಕ್ಕೆ ಚಾಲೂ ಮಾಡಿ ತೋರಿಸಿದ. ಓಡಿಸಿಕೊಂಡೇ ಬಂದಿದ್ದನಲ್ಲ, ಕಾದ ಎಂಜಿನ್ನು ಯಾವುದು ತಾನೇ ಚಾಲೂ ಆಗುವುದಿಲ್ಲ! ಇದು ಆಮೇಲೆ ಹೊಳೆದದ್ದು. ಆಗ ನಾನು ಗಮನಿಸಿದ್ದು ಸೀಟಿನ ಕವರು. ಹೊಚ್ಚ ಹೊಸದು, ಆದರೆ ಹೊಲಿಗೆ ಅವಸರದ್ದು, ಮೂಲೆಯಲ್ಲಿ ದಾರ ಗಂಟು ಕೂಡ ಹಾಕಿರಲಿಲ್ಲ.

"ಇಷ್ಟು ಅವಸರದಲ್ಲಿ ಕವರ್ ಯಾಕೆ ಹಾಕಿಸಿದ್ದು?" ಎಂದೆ.

"ಮಾರೋ ಗಾಡಿ ಅಲ್ವಾ ಅಕ್ಕಾ, ಮದುಮಗಳನ್ನ ಹಾಗೇ ಕಳಿಸೋಕಾಗುತ್ತಾ?" ಎಂದು ನಕ್ಕ. ನನ್ನ ತಮ್ಮನೂ ನಕ್ಕ.

"ಕಾಗದಪತ್ರ?" ಎಂದೆ.

"ಊರಲ್ಲಿ ನಮ್ಮಮ್ಮನ ಪೆಟ್ಟಿಗೇಲಿದೆ. ಹತ್ತು ದಿನದಲ್ಲಿ ತಂದುಕೊಡ್ತೀನಿ. ನಂಬಿಕೆ ಇಲ್ಲಾಂದ್ರೆ..." ಅಂಗಿಯ ಜೇಬಿನಿಂದ ಬಟ್ಟೆಯ ಚೀಲ ತೆಗೆದು, ಅದರಿಂದ ಹಳೆಯದೊಂದು ಕೀ ಕೊಡುವ ಕೈಗಡಿಯಾರ ತೆಗೆದು ಗಾಜಿನ ಪೆಟ್ಟಿಗೆಯ ಮೇಲಿಟ್ಟ. "ನಮ್ಮಪ್ಪಂದು ಅಣ್ಣಾ. ಕಾಗದ ತರೋವರೆಗೂ ನಿಮ್ಮ ಹತ್ರಾನೇ ಇರ್ಲಿ."

ಮುಗಿಯಿತು ಕಥೆ. ನನ್ನ ತಮ್ಮ ಮಸೂರ ಸರಿಮಾಡಿಕೊಂಡು ಮುಚ್ಚಳ ಬಿಚ್ಚಿದ. ಒಳಗೆ ಸಾಲಾಗಿ ಹದಿನಾಲ್ಕು ಗೀರು. ಎರಡು ವರ್ಷಕ್ಕೊಂದು, ಒಂದೂ ತಪ್ಪಿಲ್ಲ, ಎಲ್ಲವೂ ಒಂದೇ ಕೈಯವು. ಪಕ್ಕದಲ್ಲಿ ಮೀನಿನ ಆಕಾರದ ಗುರುತು. ಆ ಮೀನು ಯಾರದೆಂದು ಅವನಿಗೆ ಗೊತ್ತು. ಮೂವತ್ತು ಕಿಲೋಮೀಟರ್ ಆಚೆಯ ಬಟ್ಟೆ ಗಿರಣಿಯ ಊರಿನ ಮುದುಕ, ಈ ಕಸುಬಿನಲ್ಲಿ ಎಲ್ಲರಿಗೂ ಹಿರಿಯ.

"ಅಕ್ಕ, ಇಪ್ಪತ್ತೆಂಟು ವರ್ಷ ತಪ್ಪದೆ ಎಣ್ಣೆ ಹಾಕಿಸಿದ ಮನೆ ಇದು. ಇಂಥವರು ಮೋಸ ಮಾಡಲ್ಲ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಹೌದು ಕಣೋ ಪೆದ್ದ, ಆ ಮನೆಯವರು ಮೋಸ ಮಾಡುವವರಲ್ಲ. ಆದರೆ ಎದುರಿಗೆ ನಿಂತವನು ಆ ಮನೆಯವನೇ ಎಂದು ಯಾವ ಗೀರಿನಲ್ಲಿ ಬರೆದಿತ್ತು? ಈಗ ಕೇಳುತ್ತೇನೆ. ಆಗ ಕೇಳಲಿಲ್ಲ. ದುಡ್ಡು ಕೈ ಬದಲಾಯಿತು.

ಒಂದು ವಾರ ಚೆನ್ನಾಗಿತ್ತು. ಬೆಳಿಗ್ಗೆ ಐದಕ್ಕೆ ಅಪ್ಪ ಮಗಳು ಹೊರಡುತ್ತಿದ್ದರು. ಅವಳು ಹಿಂದೆ ಕೂತು ಬಿಸಿನೀರಿನ ಬಾಟಲಿಯನ್ನು ಅಪ್ಪನ ಬೆನ್ನಿಗೂ ತನ್ನ ಹೊಟ್ಟೆಗೂ ನಡುವೆ ಇಟ್ಟುಕೊಳ್ಳುತ್ತಿದ್ದಳು. ಎರಡನೇ ವಾರ ಗಾಡಿ ನಿಜಬಣ್ಣ ತೋರಿಸಿತು. ತಣ್ಣಗಿದ್ದಾಗ ಹದಿನೈದು ಒದೆತ ಬೇಕು. ಹೊರಟರೆ ಬೀದಿ ತುಂಬ ಹೊಗೆ. ಹತ್ತು ದಿನ ಹೋಗಿ ಒಂದು ತಿಂಗಳಾಯಿತು, ಕಾಗದ ಬರಲಿಲ್ಲ. ಫೋನು ಎತ್ತುವವರಿಲ್ಲ. ಕೊಟ್ಟಿದ್ದ ವಿಳಾಸಕ್ಕೆ ಹೋದರೆ ಅಲ್ಲೊಂದು ಹಿಟ್ಟಿನ ಗಿರಣಿ. ಗಿರಣಿಯವನು ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಹೊರಗೆ ಬಂದು, "ನಿಮಗೂ ಮೂರು ನಾಮಾನಾ? ನೀವು ಈ ತಿಂಗಳಲ್ಲಿ ಎರಡನೆಯವರು" ಎಂದನಂತೆ.

ಮೆಕ್ಯಾನಿಕ್ಕು ನಮ್ಮ ಓಣಿಯವನೇ. ಹೊಗೆ ಯಾಕೆಂದು ನೋಡಲು ಬಿಟ್ಟರೆ, ಎಂಜಿನ್ನಿನ ಸದ್ದು ಮುಚ್ಚಲು ಅಂಟಿನಂಥ ದಪ್ಪ ಎಣ್ಣೆ ಸುರಿದಿದ್ದಾರೆ ಎಂದ. ಆಮೇಲೆ ಹ್ಯಾಂಡಲಿನ ಕೆಳಗೆ ಬಳಿದಿದ್ದ ಗ್ರೀಸನ್ನು ಚಿಂದಿಯಿಂದ ಒರೆಸಿ ಬೆರಳಿಟ್ಟು ತೋರಿಸಿದ. ಗಾಡಿಯ ನಂಬರನ್ನು ಅರದಿಂದ ಉಜ್ಜಿ ಮೇಲೆ ಬೇರೆ ಕುಟ್ಟಿದ್ದರು.

"ಭೂತಗನ್ನಡಿ ಹಾಕ್ಕೊಂಡು ಇದನ್ನ ನೋಡ್ಲಿಲ್ವಾ ಅಣ್ಣಾ ನೀವು? ಕದ್ದ ಮಾಲು ಇದು. ನಾನು ನೋಡಿಲ್ಲ, ನೀವು ತಂದಿಲ್ಲ. ಬೇಗ ಎಲ್ಲಾದ್ರೂ ಸಾಗಿಸಿಬಿಡಿ."

ನನ್ನ ತಮ್ಮ ಬೈಕು ತಳ್ಳಿಕೊಂಡೇ ಬಂದ. ಅಂಗಡಿಯಲ್ಲಿ ಕೂತು ಆ ಗಡಿಯಾರದ ಮುಚ್ಚಳ ಮತ್ತೆ ಬಿಚ್ಚಿ ಬಹಳ ಹೊತ್ತು ನೋಡಿದ.

"ಇದೂ ಕದ್ದಿದ್ದೇ ಅಕ್ಕ. ಎರಡೂ ಒಂದೇ ಮನೇದಿರಬೇಕು. ಆ ಮೀನಿನ ಮುದುಕನ ಹತ್ರ ಹೋದ್ರೆ ಯಾರದು ಅಂತ ಕೈ ತೋರಿಸಿ ಹೇಳ್ತಾನೆ. ನಾಳೆ ಹೋಗಿ ಕೊಟ್ಟು ಬರ್ತೀನಿ."

"ನಾಳೆ ಬೆಳಿಗ್ಗೆ ಹುಡುಗಿ ಹೇಗೆ ಹೋಗ್ತಾಳೆ?"

ಅವನು ಮುಚ್ಚಳ ಹಾಕಿದ. ನಾನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚಿದೆ. ಅವಳ ಅವಧಿ ಮುಗಿಯಲು ಇಪ್ಪತ್ತೊಂದು ದಿನ ಬಾಕಿಯಿತ್ತು.

"ಇಪ್ಪತ್ತೊಂದೇ ದಿನ ಕಣೋ. ಇಷ್ಟು ದಿನ ಕಳೆದುಕೊಂಡಿದ್ದವರು ಇನ್ನು ಮೂರು ವಾರದಲ್ಲಿ ಸಾಯ್ತಾರಾ? ಅವಳ ಕೈಗೆ ಖಾಯಂ ಆದ ಕಾಗದ ಬಂದ ಮಾರನೇ ದಿನ ನಾನೇ ನಿನ್ನ ಜೊತೆ ಬರ್ತೀನಿ."

"ತಪ್ಪು ಅಕ್ಕ ಅದು."

"ತಪ್ಪು ಮಾಡಿದ್ದು ಆ ಹಲ್ಕಿರಿಯೋ ಬಡ್ಡೀಮಗ. ನಿನ್ನ ಮಗಳು ಯಾಕೆ ತೆರಬೇಕು?"

ಅವನು ಜಗಳವಾಡಬೇಕಿತ್ತು. ಚಿಕ್ಕಂದಿನಿಂದ ನನ್ನ ಮಾತು ಮೀರಿ ಅಭ್ಯಾಸವಿಲ್ಲ. ತಲೆ ತಗ್ಗಿಸಿ ಒಪ್ಪಿಕೊಂಡ.

ಆ ಇಪ್ಪತ್ತೊಂದು ದಿನ ಹೇಗೆ ಕಳೆದೆವೋ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಆಯಿತು ನನ್ನ ತಮ್ಮನ ಬಾಳು. ಖಾಕಿ ಬಟ್ಟೆ ಕಂಡರೆ ಬೈಕು ಅಡ್ಡದಾರಿ ಹಿಡಿಯುತ್ತಿತ್ತು. ಅಂಚೆಯವನ ಬಟ್ಟೆಗೂ ಬೆದರಿದ ಒಂದು ದಿನ. ಸೇತುವೆಯ ಮೇಲೆ ತಪಾಸಣೆ ಇರುತ್ತದೆಂದು ಕೆರೆ ಹಿಂದಿನ ಕಲ್ಲುದಾರಿಯಲ್ಲಿ ಹೋಗಲು ನಾಲ್ಕೂವರೆಗೇ ಹೊರಡುತ್ತಿದ್ದರು. "ಅಪ್ಪ ಯಾಕತ್ತೆ ಇಷ್ಟು ದೂರ ಸುತ್ತಿಸ್ತಾರೆ?" ಎಂದು ಹುಡುಗಿ ಕೇಳಿದರೆ, ಆ ಕಡೆ ಗಾಳಿ ಚೆನ್ನಾಗಿದೆ ಎಂದೆ. ಅಂಗಡಿಯಲ್ಲಿ ಅವನ ಚಿಮಟದಿಂದ ತಿರುಪುಗಳು ಜಾರತೊಡಗಿದವು. ತಿರುಪು ನೆಲಕ್ಕೆ ಬಿದ್ದಾಗ ಇಬ್ಬರೂ ಬಗ್ಗಿ ಹುಡುಕುತ್ತಿದ್ದೆವು. ಆದರೂ ಪ್ರತಿ ಬೆಳಿಗ್ಗೆ ಆ ಗಡಿಯಾರಕ್ಕೆ ಮಾತ್ರ ಕೀ ಕೊಡುತ್ತಿದ್ದ.

ಹುಡುಗಿ ಖಾಯಂ ಆದಳು. ಕಾಗದ ಹಿಡಿದುಕೊಂಡು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಳು ಬಂತು. ಅವಳನ್ನು ಹಾಸ್ಟೆಲ್ಲಿಗೆ ಬಿಟ್ಟ ಮಾರನೇ ದಿನ ನಾನು ಸೆರಗು ಬಿಗಿದು ಬೈಕಿನ ಹಿಂದೆ ಕೂತೆ. ಕೊಟ್ಟ ಮಾತಿಗೆ ತಪ್ಪುವವಳಲ್ಲ ನಾನು.

ಮೀನಿನ ಮುದುಕ ಗಡಿಯಾರ ಕಂಡದ್ದೇ ಎದ್ದು ನಿಂತ. "ಅಯ್ಯೋ, ಬ್ರೆಡ್ಡಿನವನದು! ಎಣ್ಣೆ ಹಾಕಿಸೋಕೆ ಅಂತ ಗಾಡಿಯ ಪೆಟ್ಟಿಗೇಲಿ ಇಟ್ಕೊಂಡು ನನ್ನ ಹತ್ರಾನೇ ಬರ್ತಿದ್ದ. ದಾರೀಲಿ ಒಂದು ಅಂಗಡಿಗೆ ಬ್ರೆಡ್ ಇಳಿಸೋಕೆ ಹೋದಾಗ ಗಾಡೀನೇ ಮಾಯ" ಎಂದು ಮನೆಯ ದಾರಿ ಹೇಳಿದ.

ಒಂದು ಕೋಣೆ, ಒಂದು ಅಡುಗೆಮನೆ. ಬ್ರೆಡ್ಡಿನವನಿಗೆ ನಲವತ್ತೈದಿರಬೇಕು. ಬಾಗಿಲಲ್ಲಿ ಬೈಕು ಕಂಡವನು ಅದರ ಹ್ಯಾಂಡಲ್ಲು ಹಿಡಿದುಕೊಂಡು ನಿಂತ. ಗಡಿಯಾರ ಕೊಟ್ಟಾಗ ಕಿವಿಗೆ ಹಿಡಿದ.

"ದಿನಾ ಕೀ ಕೊಟ್ಟಿದೀನಿ" ಎಂದ ನನ್ನ ತಮ್ಮ.

"ದೇವರಂಥವರು ಬನ್ನಿ, ಒಳಗೆ ಬನ್ನಿ" ಎಂದು ಚಾಪೆ ಹಾಸಿದ. ಹೆಂಡತಿ ಟೀ ತಂದಳು. ಇಸ್ತ್ರಿ ಅಂಗಿಯವನು ನಮಗೆ ಬೈಕು ಮಾರಿದ್ದು ಹೇಗೆಂದು ಹೇಳಿದೆವು. ಬ್ರೆಡ್ಡಿನವನು ತನ್ನದನ್ನು ತಾನಾಗಿಯೇ ಹೇಳುತ್ತ ಹೋದ. ಇಪ್ಪತ್ತು ಅಂಗಡಿಗಳಿಗೆ ಬ್ರೆಡ್ಡು ಹಾಕುವ ದಾರಿ ಅವನದು, ಅಪ್ಪನ ಕಾಲದಿಂದ ಬಂದದ್ದು. ಗಾಡಿ ಹೋದ ಮೇಲೆ ಸೈಕಲ್ಲಿನಲ್ಲಿ ಎರಡು ತಿಂಗಳು ತುಳಿದ. ಅರ್ಧ ಅಂಗಡಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಬೇಕರಿಯ ಯಜಮಾನ ಕಾದು ಕಾದು, ಹೋದ ಸೋಮವಾರ ಆ ದಾರಿಯನ್ನು ಬೇರೆಯವನಿಗೆ ಕೊಟ್ಟ. ಈಗ ಇವನು ಅಲ್ಲೇ ಕೂತು ಬ್ರೆಡ್ಡಿಗೆ ಕಾಗದ ಸುತ್ತುತ್ತಾನೆ.

"ಇರಲಿ ಬಿಡಿ, ನಿಮ್ಮ ತಪ್ಪೇನು? ನಿಮಗೂ ಮೋಸ ಆಗಿದೆ" ಎಂದ. ಆಮೇಲೆ ಸುಮ್ಮನೆ, ಮಾತಿಗೆ ಮಾತು ಎಂಬಂತೆ ಕೇಳಿದ: "ಕದ್ದ ಗಾಡಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ" ಎಂದೆ ನಾನು. ನಾಲಿಗೆ ತಡವರಿಸಲೂ ಇಲ್ಲ.

"ಇಪ್ಪತ್ತೆರಡು ದಿನ ಆಯ್ತು" ಎಂದ ನನ್ನ ತಮ್ಮ.

ಟೀ ತಂದಿದ್ದ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಬ್ರೆಡ್ಡಿನವನು ಲೋಟ ಕೆಳಗಿಟ್ಟು ನಮ್ಮಿಬ್ಬರ ಮುಖವನ್ನೂ ನೋಡಿದ. ಇನ್ನು ಮುಚ್ಚಿಡಲು ಏನಿತ್ತು? ಎಲ್ಲವನ್ನೂ ಹೇಳಿದೆ, ಹುಡುಗಿ, ಬಸ್ಸು, ಎರಡು ತಡ, ಕ್ಯಾಲೆಂಡರು. "ಅವನು ಮಾರನೇ ದಿನವೇ ಬರ್ತೀನಿ ಅಂದ. ತಡಿ ಅಂದವಳು ನಾನು. ಬೈಯೋದಿದ್ರೆ ನನ್ನ ಬೈಯಿ ಅಣ್ಣ" ಎಂದೆ. ಸ್ಟೇಷನ್ನಿಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿಕೆ ಕೊಡುತ್ತೇನೆ ಎಂದ ನನ್ನ ತಮ್ಮ.

ಬ್ರೆಡ್ಡಿನವನು ಗಡಿಯಾರವನ್ನು ಕೈಗೆ ಕಟ್ಟಿಕೊಂಡ.

"ಹುಡುಗಿ ಕೆಲಸ ಖಾಯಂ ಆಯ್ತಾ?" ಎಂದು ಕೇಳಿದ.

"ಆಯ್ತು."

"ಒಳ್ಳೇದಾಯ್ತು. ನಿಮ್ಮ ಜಾಗದಲ್ಲಿದ್ದಿದ್ರೆ ನಾನೂ ಹಾಗೇ ಮಾಡ್ತಿದ್ದೆನೇನೋ." ಎದ್ದು ನಿಂತ. "ಆದ್ರೂ ನೀವಿನ್ನು ಹೊರಡಿ."

ಬೈದಿದ್ದರೆ ತಿರುಗಿ ಬೈಯಲು ನನಗೆ ಬರುತ್ತಿತ್ತು. ಬಸ್ ನಿಲ್ದಾಣದ ತನಕ ನನ್ನ ತಮ್ಮ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಹುಟ್ಟಿದಾಗಿನಿಂದ ಅವನು ನನ್ನ ಹಿಂದೆ ನಡೆದವನು. ನಾನು ಕೂಗಲಿಲ್ಲ.