ಕಾಕುವಿನ ಬರಿಗೈ

ನಮ್ಮ ಓಣಿಯಲ್ಲಿ ಎಮ್ಮೆ ಈದು ಗರ್ಭಚೀಲ, ಅದೇ ಮಾಸು, ಬೀಳದಿದ್ದರೆ ಮೊದಲು ಕರೆಯುತ್ತಿದ್ದುದು ಪಶುವೈದ್ಯರನ್ನಲ್ಲ, ಎದುರು ಮನೆಯ ಕಾಕುವನ್ನು. ಅವರು ನನಗೆ ನೆಂಟರೇನಲ್ಲ. ಮುನವಳ್ಳಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ನಾನು ಅವರನ್ನು ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಾ ಬಂದಿದ್ದೇನೆ. ಅವರ ಮನೆಯಲ್ಲಿ ಒಂದು ಕರುವೂ ಇಲ್ಲ. ಆದರೆ ಕೈಗುಣ ದೊಡ್ಡದು. ಮೊಣಕೈವರೆಗೆ ಕುಸುಬಿ ಎಣ್ಣೆ ಸವರಿಕೊಂಡು, ಎಮ್ಮೆಯ ಜೊತೆ ಮಾತಾಡುತ್ತಲೇ ಕೆಲಸ ಮುಗಿಸಿ, ಒಂದು ಕಪ್ ಚಹಾ ಕುಡಿದು ಎದ್ದು ಹೋಗುವವರು.

ನಮ್ಮ ಎಮ್ಮೆ ಮೊದಲ ಸಲ ಕಂದು ಹಾಕಿದಾಗ, ಅಂದರೆ ದಿನ ತುಂಬುವ ಮೊದಲೇ ಸತ್ತ ಕರು ಹಾಕಿದಾಗ, ನಮ್ಮ ಮನೆಯವರು ಸವದತ್ತಿಯಿಂದ ಪಶುವೈದ್ಯರನ್ನು ಕರೆಸಿದ್ದರು. ಹೋಗುವಾಗ ಅವರು ನನಗೇ ಹೇಳಿದರು: “ಇನ್ನೊಮ್ಮೆ ಹಿಂಗಾತಂದ್ರ ಫೋನ್ ಮಾಡ್ರಿ ಅಕ್ಕಾರ, ರಕ್ತಾ ತಪಾಸ್ ಮಾಡೋಣು. ಯಾರೂ ಬರಿಗೈಲೆ ಮುಟ್ಟಬ್ಯಾಡ್ರಿ. ಈ ರೋಗ ಮಂದಿಗೂ ಬರತೈತಿ.”

ಮರುವರ್ಷ ಮತ್ತೆ ಹಾಗೇ ಆಯಿತು. ನಾನು ಫೋನ್ ಮಾಡಲಿಲ್ಲ. ಕಾರಣ ಹೇಳಲು ಈಗಲೂ ನಾಚಿಕೆಯಾಗುತ್ತದೆ. ನಾವು ಮಜ್ಜಿಗೆ ಮಾರುವವರಲ್ಲ, ಬೆಳಿಗ್ಗೆ ಕಡೆದು ಓಣಿಗೆಲ್ಲ ಕೊಡುವವರು. ಕೊಡುವ ಮನೆಯವಳು ಎಂಬ ಸೊಕ್ಕು ನನಗೆ ಸಾಕಷ್ಟಿತ್ತು. ಎಮ್ಮೆಗೆ ರೋಗವೆಂದು ಗೊತ್ತಾದರೆ ನಮ್ಮ ಬಾಗಿಲಿಗೆ ಯಾರು ಬಂದಾರು? ಅದಕ್ಕೇ ಪಶುವೈದ್ಯರು ಬೇಡವೆಂದು ಕಾಕುವನ್ನು ಕರೆದೆ. ಅದು ಕಡಲೆ ಕೀಳುವ ಸುಗ್ಗಿ. ಗಿಡದ ಹುಳಿ ತಾಗಿ ಅವರ ಅಂಗೈಯೆಲ್ಲ ಸೀಳಿತ್ತು.

“ಎಣ್ಣಿ ಹಚ್ಚಿದ್ರ ಉರೀತೈತವ್ವಾ,” ಎಂದು ನಕ್ಕು, ಕೈ ಒಳಗೆ ಹಾಕಿದರು. ನಾನು ಎಮ್ಮೆಯ ಹಗ್ಗ ಹಿಡಿದು ನಿಂತಿದ್ದೆ. ಹೇಳಬೇಕೆಂದರೆ ಒಂದು ಮಾತು ಸಾಕಿತ್ತು.

ಮೂರು ವಾರಕ್ಕೆ ಕಾಕುವಿಗೆ ಜ್ವರ ಶುರುವಾಯಿತು. ಸಂಜೆ ಬರುವುದು, ಬೆಳಗಿನ ಜಾವ ಹೊದಿಕೆ ತೊಯ್ಯುವಷ್ಟು ಬೆವರಿ ಇಳಿಯುವುದು. ಸೊಂಟ ನೋವು ಎಂದು ಗೋಡೆ ಹಿಡಿದು ನಡೆಯತೊಡಗಿದರು. ಟೈಫಾಯಿಡ್ ಇರಬಹುದೆಂದು ಔಷಧಿಯಾಯಿತು, ವಾಯು ಎಂದು ಮಾಲೀಸು ಆಯಿತು. ನನಗೆ ಒಳಗೊಳಗೇ ಚುರುಕೆನ್ನುತ್ತಿತ್ತು. ಅದನ್ನು ಸಮಾಧಾನ ಮಾಡಲು ನಾನು ಮಾಡಿದ್ದೇನು? ಮೈಗೆ ಕಸುವು ಬರಲಿ ಎಂದು ದಿನಾ ಬೆಳಿಗ್ಗೆ, ಹಿಂಡಿದ ಬಿಸಿ ಆರುವ ಮೊದಲೇ, ಕಾಯಿಸದ ನೊರೆಹಾಲನ್ನು ಅವರಿಗೆ ಒಯ್ದು ಕೊಟ್ಟೆ. ಅದೇ ಎಮ್ಮೆಯದು. ನಮ್ಮ ಮನೆಯಲ್ಲಿ ನಾವು ಕುಡಿಯುತ್ತಿದ್ದುದು ಕಾಯಿಸಿದ ಹಾಲು.

ಕೊನೆಗೆ ಕಾಕುವಿನ ಸೊಸೆಯ ಜೊತೆ ನಾನೂ ಬೈಲಹೊಂಗಲದ ದವಾಖಾನೆಗೆ ಹೋದೆ. ಅಲ್ಲಿಯ ಡಾಕ್ಟರು, ಹುಡುಗಿಯಂತಿದ್ದವರು, ಪೆನ್ನು ಹಿಡಿದು ಕೇಳಿದರು: “ಮನ್ಯಾಗ ದನಾ ಕರಾ ಅದಾವೇನ್ರಿ?”

“ಇಲ್ರಿ ಬಾಯಾರ,” ಎಂದರು ಕಾಕು. “ಒಂದ ಕೋಳಿ ಸೈತ ಇಲ್ಲ.”

ಸುಳ್ಳಲ್ಲ. ಡಾಕ್ಟರು ಬೇರೇನೋ ಬರೆದರು. ನಾನು ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಕಾಕು ಇನ್ನೂ ಒಂದು ತಿಂಗಳು ನರಳಿದರು.

ಅವರಿಗೆ ಎದ್ದು ಬಚ್ಚಲಿಗೆ ಹೋಗುವುದೂ ಆಗದಾದಾಗ ನಾನೊಬ್ಬಳೇ ಬಸ್ಸು ಹತ್ತಿ ಅದೇ ಡಾಕ್ಟರ ಬಳಿ ಹೋದೆ. ಎಮ್ಮೆ ಕಂದು ಹಾಕಿದ್ದು, ಕಾಕು ಮಾಸು ತೆಗೆದದ್ದು, ಕೊನೆಗೆ ಹಾಲಿನ ವಿಷಯ, ಎಲ್ಲ ಹೇಳಿದೆ. ಹಾಲು ಎಂದಾಗ ಅವರು ತಲೆ ಎತ್ತಿ ನನ್ನನ್ನು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಕ್ತ ಪರೀಕ್ಷೆಯಲ್ಲಿ ಎಮ್ಮೆಯಿಂದ ಬರುವ ಅದೇ ರೋಗ ಬಂತು. ವಾರಗಟ್ಟಲೆ ಗುಳಿಗೆ ನುಂಗಿದ ಮೇಲೆ ಜ್ವರ ಹೋಯಿತು, ಸೊಂಟ ಮಾತ್ರ ಮೊದಲಿನಂತಾಗಲಿಲ್ಲ. ಪಶುವೈದ್ಯರು ಎಚ್ಚರಿಸಿದ್ದ ವಿಷಯವನ್ನು ಮಾತ್ರ ನಾನು ಎಲ್ಲರಿಂದ ಮುಚ್ಚಿಟ್ಟೆ. ನನಗೂ ಈಗಷ್ಟೇ ಗೊತ್ತಾಯಿತು ಎಂಬಂತೆ ನಡೆದುಕೊಂಡೆ. ಕಾಕುವಂತೂ ನನ್ನ ಕೈ ಹಿಡಿದು, “ನೀ ಬಸ್ ಹತ್ತಿ ಹೋಗಲಿಲ್ಲಂದ್ರ ನಾ ಉಳೀತಿದ್ದಿಲ್ಲ ತಂಗಿ,” ಎಂದರು. ನಾನು ಆ ಮಾತನ್ನೂ ನುಂಗಿಕೊಂಡೆ.

ಹೋದ ತಿಂಗಳು ಮೂಲೆಮನೆಯವರ ಆಕಳು ಕಂದು ಹಾಕಿತು. ಆ ಮನೆಯಾಕೆ ಓಡುತ್ತಾ ಬಂದಳು: “ಕಾಕು, ಮಾಸ ಬೀಳವಲ್ದು, ಒಂದೀಟ ಬರ್ರಿ.” ಕಟ್ಟೆಯ ಮೇಲೆ ಕೂತಿದ್ದ ಕಾಕು ಸೊಂಟ ಹಿಡಿದು ಎದ್ದೇಬಿಟ್ಟರು. ಕರೆದರೆ ಇಲ್ಲವೆನ್ನುವುದು ಅವರಿಗೆ ಗೊತ್ತಿಲ್ಲ. ನಾನು ಅಡ್ಡ ನಿಂತೆ.

“ಹೋಗಬ್ಯಾಡ್ರಿ ಕಾಕು. ನಿಮಗ ಜಡ್ಡ ಬಂದದ್ದ ಹಿಂಗ. ಬರಿಗೈಲೆ ಮುಟ್ಟಬಾರ್ದಂತ ದನದ ಡಾಕ್ಟರ್ ನನಗ ಹೇಳಿದ್ರು.”

“ಯಾವಾಗ ಹೇಳಿದ್ರು?” ಎಂದು ಮೂಲೆಮನೆಯಾಕೆ ಕೇಳಿದಳು.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕಾಕು ನನ್ನ ಮುಖವನ್ನೇ ನೋಡುತ್ತಿದ್ದರು.

“ನಮ್ಮೆಮ್ಮಿ ಮೊದಲ್ನೇ ಸಲ ಕಂದ ಹಾಕಿದಾಗ,” ಎಂದೆ. “ಕಾಕುನ್ನ ಕರಿಯೋಕಿಂತ ಒಂದ ವರ್ಷ ಮೊದಲ.”

ಮೂಲೆಮನೆಯಾಕೆ ಫೋನ್ ಮಾಡಿಸಲು ತನ್ನ ಮನೆ ಕಡೆ ಹೋದಳು. ಕಟ್ಟೆ ಹಿಡಿದು ಮತ್ತೆ ಕೂರಲು ಕಾಕುವಿಗೆ ಬಹಳ ಹೊತ್ತು ಹಿಡಿಯಿತು. ನಾನು ಕೈ ಕೊಟ್ಟೆ. ಅವರು ಹಿಡಿಯಲಿಲ್ಲ.