ಕಟ್ಟೆ ಬೆವರಬೇಕು

ಬೆಳಗಿನ ಐದೂಮುಕ್ಕಾಲು. ವೈದ್ಯನಾಥಪುರ ದಾಟಿ ಶಿಂಷಾ ಹೊಳೆಯ ಗುಂಟ ಕೆಳಕ್ಕೆ ನಡೆದರೆ ಸಿಗುವ ಜೋಡಿಗಲ್ಲು ಕಟ್ಟೆಯ ಮೇಲೆ ಕೆಂಪಸಿದ್ದಯ್ಯ ನಿಂತಿದ್ದಾರೆ. ಪಟ್ಟಾಪಟ್ಟಿ ಚಡ್ಡಿ, ತಲೆಗೆ ಸುತ್ತಿದ ಟವೆಲ್ಲು, ಕಂಕುಳಲ್ಲಿ ಪುಟ್ಟ ಮಂಕರಿ. ಮಂಕರಿಯೊಳಗೆ ಬತ್ತದ ಜೊಳ್ಳು. ಕೋಳಿಯೂ ಮೂಸದ ಆ ಜೊಳ್ಳನ್ನು ಬೊಗಸೆಯಲ್ಲಿ ತೆಗೆದು, ಕಟ್ಟೆಯ ಹಿಂದೆ ನಿಂತ ನೀರಿನ ಮೇಲೆ ಬೀಸುತ್ತಾರೆ. ಆಮೇಲೆ ಬೀಡಿ ಹಚ್ಚಿ ಸುಮ್ಮನೆ ಕೂತುಬಿಡುತ್ತಾರೆ. ನನಗೋ ಅವಸರ. ಏನು ನೋಡುತ್ತಿದ್ದೀರಿ ಎಂದರೆ, "ತಡ್ಕಳಿ ಸಾ, ಅದೇ ಯೋಳ್ತದೆ" ಎನ್ನುತ್ತಾರೆ.

ಹೇಳುತ್ತದೆ, ದೇವರಾಣೆಗೂ ಹೇಳುತ್ತದೆ! ಹರಡಿಕೊಂಡು ತೇಲುತ್ತಿದ್ದ ಜೊಳ್ಳು ಒಂದು ಕಡೆ ಮೆಲ್ಲಗೆ ಸುತ್ತತೊಡಗಿ, ಒಂದೊಂದಾಗಿ ಒಳಕ್ಕೆ ಇಳಿಯುತ್ತದೆ. ಅಲ್ಲಿ ನೀರಿನಡಿಯ ಕಲ್ಲುಸಂದಿಯಲ್ಲಿ ತೂತು ಬಿದ್ದಿದೆ. ಕೆಂಪಸಿದ್ದಯ್ಯ ಬೀಡಿ ಆರಿಸಿ, ಹುಲ್ಲು ಸುತ್ತಿದ ಜೇಡಿಮಣ್ಣಿನ ಉಂಡೆ ಹಿಡಿದು ಮುಳುಗುತ್ತಾರೆ. ನಾನು ಗಡಿಯಾರ ನೋಡುತ್ತೇನೆ. ಇಪ್ಪತ್ತು ಸೆಕೆಂಡು. ನಲವತ್ತು. ಐವತ್ತಾಗುವಷ್ಟರಲ್ಲಿ ದಡದಲ್ಲಿರುವ ನನಗೇ ಉಸಿರು ಕಟ್ಟುತ್ತಿದೆ. ಐವತ್ತೆಂಟಕ್ಕೆ ತಲೆ ಮೇಲೆ ಬರುತ್ತದೆ. ಅರವತ್ತೊಂದು ವರ್ಷದ ತಲೆ, ಸ್ವಾಮಿ!

ಇವರು ಈ ಕಟ್ಟೆಯ ನೀರುಗಂಟಿ. ತಾತ ಇದೇ ಕೆಲಸ ಮಾಡಿದರು, ಅಪ್ಪನೂ ಮಾಡಿದರು, ಇವರಿಗೆ ಇದು ಮೂವತ್ತೊಂಬತ್ತನೇ ವರ್ಷ. ಕಟ್ಟೆಯ ಉದ್ದ ಅವರ ಕಾಲಳತೆಯಲ್ಲಿ ಇನ್ನೂರ ಹನ್ನೆರಡು ಹೆಜ್ಜೆ. ಎಡಕ್ಕೊಂದು, ಬಲಕ್ಕೊಂದು ತೂಬು. ಒಂದೊಂದು ತೂಬಿನ ಗೇಟು ಪೂರ್ತಿ ಮೇಲೇಳಲು ಕಬ್ಬಿಣದ ಚಕ್ರವನ್ನು ಅರವತ್ತನಾಲ್ಕು ಸುತ್ತು ತಿರುಗಿಸಬೇಕು. ನಾನು ಹನ್ನೊಂದು ಸುತ್ತಿಗೆ ಕೈಬಿಟ್ಟೆ. ಕೆಳಗೆ ಮುನ್ನೂರು ಎಕರೆ ಬತ್ತ, ಕಬ್ಬು ಈ ಎರಡು ಚಕ್ರಗಳನ್ನೇ ನಂಬಿವೆ. ಹೊಳೆ ತುಂಬಿ ಬಂದಾಗ ತೂಬಿಗೆ ಸಿಕ್ಕಿಕೊಳ್ಳುವ ಮರದ ಕೊಂಬೆ, ಪ್ಲಾಸ್ಟಿಕ್ಕು, ಒಮ್ಮೆ ಇಡೀ ಒಂದು ಸೋಫಾ, ಎಲ್ಲವನ್ನೂ ಎಳೆದು ಹಾಕಿದ್ದು ಇದೇ ಕೈ. ಆ ಎಡಗೈಯಲ್ಲಿ ತೋರುಬೆರಳಿಲ್ಲ. ಕೇಳಿದರೆ, "ಒಂದ ಗೇಟ್ ತಿಂತು ಸಾ. ಒಂಬತ್ತ ನಂಗೇ ಬುಡ್ತಲ್ಲ, ಪಾಪ" ಎಂದು ನಗುತ್ತಾರೆ.

ಕಟ್ಟೆಯ ಕೆಳಮಗ್ಗುಲಿಗೆ ಇಳಿದಾಗ ನಾನು ದೊಡ್ಡ ಪತ್ತೇದಾರನಂತೆ ಕೂಗುತ್ತೇನೆ. ನಡುಮಧ್ಯದ ಕಲ್ಲಿನಿಂದ ನೀರು ಸೋರುತ್ತಿದೆ!

"ಕೂಗ್ಬ್ಯಾಡಿ ಸಾ, ಅದು ನಾನೇ ಬುಟ್ಟಿರೋದು." ಬೊಗಸೆಯೊಡ್ಡಿ ನೀರು ಹಿಡಿದು ತೋರಿಸುತ್ತಾರೆ. ಅಂಗೈಯ ಗೆರೆಗಳು ಒಂದೊಂದೂ ಕಾಣುವಷ್ಟು ತಿಳಿ. "ಬಗ್ಗಡ ಬಂತಾ, ಒಳ್ಗಿನ್ ಮಣ್ಣು ಕರಗ್ತಾ ಅದೆ ಅಂತ. ಕಟ್ಟೆ ಓಯ್ತು. ತಿಳಿನೀರ್ ಬಂತಾ, ಬುಡು, ಬೆವರ್ತಾ ಅದೆ. ಮನ್ಸ ಬೆವರ್ಬೇಕು, ಭೇದಿ ಆಗ್ಬಾರ್ದು. ಕಟ್ಟೆನೂ ಅಂಗೇಯ."

ಈ ಜ್ಞಾನ ಪುಕ್ಕಟೆ ಬಂದಿದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೇಸಿಗೆ, ಹುರುಪಿನಲ್ಲಿ ಒಂದೂ ಬಿಡದೆ ಎಲ್ಲ ತೂತುಗಳನ್ನೂ ಮುಚ್ಚಿದರು. ನೀರಾವರಿ ಆಫೀಸಿನವರು ಬಂದು ಬೆನ್ನು ತಟ್ಟಿದರು. ಹದಿನೈದನೇ ದಿನ ಕೆಂಪಸಿದ್ದಯ್ಯನವರ ಅತ್ತಿಗೆ ಮಂಚಮ್ಮ ಖಾಲಿ ಬಿಂದಿಗೆ ಹಿಡಿದು ಕಟ್ಟೆಗೇ ಬಂದರು. ಕೆಳಗಿನ ಹೊಳೆಮರಳಲ್ಲಿ ಗುಂಡಿ ತೋಡಿ ಕೇರಿಯ ನಲವತ್ತು ಮನೆಯವರು ಮೊಗೆಯುತ್ತಿದ್ದ ಒರತೆ ಬತ್ತಿಹೋಗಿತ್ತು. "ಕಟ್ಟೆ ಬಾಯ್ಗೆ ಮಣ್ಣಾಕು ಅಂದ್ರೆ ನಮ್ ಬಾಯ್ಗೆ ಮಣ್ಣಾಕ್ಬುಟ್ಟೆಯಲ್ಲೋ!" ಅಂದರಂತೆ. ಕೆಂಪಸಿದ್ದಯ್ಯ ಅವತ್ತೇ ಮುಳುಗಿ ಒಂದು ಉಂಡೆ ಕಿತ್ತರು. ನಾಲ್ಕನೇ ದಿನ ಒರತೆ ಜಿನುಗಿತು. ಅಲ್ಲಿಂದೀಚೆಗೆ ಆ ತೂತು ಹಿಗ್ಗದಂತೆ, ಕುಗ್ಗದಂತೆ ದಿನಾ ಕಾಯುತ್ತಿದ್ದಾರೆ. ತೂತು ಕಾಯುವ ಮನುಷ್ಯನನ್ನು ನಾನು ಎಲ್ಲೂ ಕಂಡಿರಲಿಲ್ಲ.

ಈಗ ಅದಕ್ಕೇ ಕುತ್ತು. ಮುಂದಿನ ವಾರ ಇಡೀ ಕಟ್ಟೆಗೆ ಕಾಂಕ್ರೀಟು ಹೊದಿಸುತ್ತಾರೆ. ಹನಿ ನೀರೂ ಸೋರಬಾರದು ಎಂಬುದು ಯೋಜನೆ. ಕೆಂಪಸಿದ್ದಯ್ಯನವರಿಗೆ ಸಿಮೆಂಟಿನ ಮೇಲೆ ಸಿಟ್ಟಿಲ್ಲ. "ಬರ್ಲಿ ಸಾ, ನಂಗೂ ವಯ್ಸಾಯ್ತು. ಎಷ್ಟ್ ದಿನ ಮುಳ್ಗನೆ? ಅದೊಂದ ಬುಟ್ಟು ಮಾಡ್ಲಿ."

ಎಂಟು ಗಂಟೆಗೆ ಕಿರಿಯ ಎಂಜಿನಿಯರ್ ದೀಪಿಕ ಸ್ಕೂಟರಿನಲ್ಲಿ ಬರುತ್ತಾರೆ, ಕೈಯಲ್ಲಿ ಸುತ್ತಿದ ನಕ್ಷೆ. ಕೆಂಪಸಿದ್ದಯ್ಯ ವಾದ ಮಾಡುವುದಿಲ್ಲ. "ಬನ್ನಿ ಮೇಡಂ, ನೀರ್ ಕುಡ್ಯವ್ರಂತೆ" ಎಂದು ಒರತೆಗೆ ಕರೆದೊಯ್ಯುತ್ತಾರೆ. ಎಪ್ಪತ್ತು ದಾಟಿದ ಮಂಚಮ್ಮ ತೆಂಗಿನ ಚಿಪ್ಪಿನಲ್ಲಿ ಮೊಗೆದು ಚೊಂಬು ತುಂಬಿಸುತ್ತಿದ್ದಾರೆ.

"ಕುಡಿ ಮಗ. ಬೋರ್ ನೀರು ಸೌಳು, ಬ್ಯಾಳೆನೇ ಬೇಯಕಿಲ್ಲ. ಇದ್ರಲ್ಲಿ ಬೆಣ್ಣೆ ಆಯ್ತದೆ."

ದೀಪಿಕ ಪೂರ್ತಿ ಚೊಂಬು ಕುಡಿಯುತ್ತಾರೆ. ಕಟ್ಟೆಯ ನಡುವಿನ ಸೋರಿಕೆಯಿಂದ ಒರತೆಯವರೆಗೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಆಮೇಲೆ ಮರಳಿನ ಮೇಲೆಯೇ ನಕ್ಷೆ ಬಿಡಿಸಿ, "ಎಷ್ಟು ಅಗಲ ಬೇಕು ಸಿದ್ದಯ್ಯನವರೇ?" ಎನ್ನುತ್ತಾರೆ. ಕೆಂಪಸಿದ್ದಯ್ಯ ಎಡಗೈಯ ಎರಡು ಬೆರಳು ಜೋಡಿಸಿ ಚಾಚುತ್ತಾರೆ. ಟೇಪು ಹಿಡಿದರೆ ಒಂದೂವರೆ ಇಂಚು. ಪೆನ್ಸಿಲ್ಲಿನಲ್ಲಿ ಪುಟ್ಟ ಸೊನ್ನೆಯೊಂದು ಕಟ್ಟೆಯ ನಡುವೆ ಬೀಳುತ್ತದೆ.

"ಇಲ್ಲೊಂದು ಪೈಪು ಅಂತ ಗುರುತು ಹಾಕಿದ್ದೀನಿ. ಆದ್ರೆ ಮೇಲಿನವರು ಒಪ್ಪಬೇಕು, ನನ್ನ ಕೈಯಲ್ಲಿ ಇಷ್ಟೇ ಇರೋದು."

"ರಬ್ಬರ್ನಲ್ಲಿ ಅಳಿಸ್ಬುಟ್ರೆ ಮೇಡಂ?"

ದೀಪಿಕ ಬ್ಯಾಗಿನಿಂದ ಪೆನ್ನು ತೆಗೆದು ಆ ಸೊನ್ನೆಯನ್ನು ಮತ್ತೆ ತಿದ್ದುತ್ತಾರೆ, ಪಕ್ಕದಲ್ಲಿ ಸಹಿಯನ್ನೂ ಹಾಕುತ್ತಾರೆ.

ಹೊರಡುವಾಗ ನಾನು ಕೇಳುತ್ತೇನೆ. ಹೊಸ ಕಟ್ಟೆಗೆ ನಿಮ್ಮ ಹೆಸರಿನ ಕಲ್ಲೊಂದು ಇಡಬೇಡವೇ? ಇಷ್ಟು ವರ್ಷದಲ್ಲಿ ಎಷ್ಟು ತೂತು ಮುಚ್ಚಿದ್ದೀರಿ! ಅವರು ಖಾಲಿ ಮಂಕರಿಯನ್ನು ಹೊಳೆಯಲ್ಲಿ ಜಾಲಿಸುತ್ತ, ತಲೆಯೆತ್ತದೆ ಉತ್ತರಿಸುತ್ತಾರೆ.

"ಮುಚ್ಚಿರೋವು ಲೆಕ್ಕಕ್ಕೇ ಇಲ್ಲ ಬುಡಿ ಸಾ. ಬುಟ್ಟಿರೋದು ಒಂದೇ. ಅದೊಂದು ಉಳುದ್ರೆ ಸಾಕು."