ಅತ್ತೆ ಕೇಳಿದ ಕೊಸರು

ಮೊಣಕಾಲಿನ ಆಪರೇಷನ್ ಆದ ಮೇಲೆ ಗದ್ದೆಯ ಕೆಸರಿಗೆ ಇಳಿಯಲೇಬಾರದೆಂದು ಡಾಕ್ಟರು ನಮ್ಮತ್ತೆಗೆ ಖಡಕ್ಕಾಗಿ ಹೇಳಿದ್ದರು. ಕಾರಟಗಿಯಲ್ಲಿ ಹುಟ್ಟಿ, ಭತ್ತದ ನಡುವೆಯೇ ಆಯುಷ್ಯ ಕಳೆದ ಹೆಂಗಸು. ಮನೆಯಲ್ಲಿ ಕೂತು ನಮ್ಮೆಲ್ಲರ ತಲೆ ತಿನ್ನತೊಡಗಿದರು. ತಡೆಯಲಾರದೆ ನನ್ನ ಗಂಡ ಟಿವಿಗೆ ಹಚ್ಚಿ ಆಡುವ ಒಕ್ಕಲುತನದ ಗೇಮು ತಂದುಕೊಟ್ಟರು. ಅಷ್ಟೇ! ಅತ್ತೆ ಟಿವಿಯೊಳಗೇ ಗದ್ದೆ ಹೂಡಿ, ನೀರು ಹಾಯಿಸಿ, ಭತ್ತ ಬೆಳೆದು, ಬಂದವರಿಗೆಲ್ಲ ಕರೆದು ಕರೆದು ತೋರಿಸಿದರು.

ಬೆಳೆ ಕೊಯ್ಲಿಗೆ ಬಂತು. ಕೊಯ್ಯುವ ಯಂತ್ರದ ಗುಂಡಿ ಒತ್ತಿದರೆ ಬೀಗದ ಚಿತ್ರ! ಅದಕ್ಕೆ ಬೇರೆ ದುಡ್ಡು ಕೊಡಬೇಕಂತೆ. ಮೇಲೆ, ಮಳೆ ಬಂದರೆ ಭತ್ತ ಹಾಳು ಎಂಬ ಬೆದರಿಕೆ ಬೇರೆ.

"ಗೇಮಿಗೆ ಪೂರಾ ರೊಕ್ಕಾ ಕೊಟ್ಟಿಲ್ಲೇನು? ಇದೇನಿದು ಹಲ್ಕಟ್‌ಗಿರಿ?" ಅತ್ತೆ ಕೆರಳಿದರು.

"ಹೋಗ್ಲಿ ಬಿಡಬೇ, ಅದನ್ನೂ ನಾ ಕೊಡ್ತೀನಿ," ಎಂದರು ನನ್ನ ಗಂಡ.

"ಒಂದ್ ಪೈಸಾ ಬಿಚ್ಚಬ್ಯಾಡ! ಕೊಸರು ಕೇಳಾಕ ನನಗ ಬಾಯಿಲ್ಲೇನು?"

ಮರುದಿನ ಗೇಮು ಕೊಂಡಿದ್ದ ಗಂಗಾವತಿಯ ಅಂಗಡಿಗೆ ಅತ್ತೆಯ ಸವಾರಿ. ಹಿಂದೆ, ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡ ನಾನು.

"ಬದನಿಕಾಯಿ ತೊಗೊಂಡ್ರ ಮ್ಯಾಲ ಕರಿಬೇವು ಹಾಕ್ತಾರ. ಹಾಲಿನಾಕಿ ಅಳದ ಮ್ಯಾಲೂ ಒಂಚೂರು ಸುರೀತಾಳ. ನೀ ಏನ ಕೊಸರು ಕೊಟ್ಟಿಯಪ್ಪಾ?"

"ಯವ್ವಾ, ಯಂತ್ರ ಮಾರಾವ್ರು ಕಂಪನಿಯವ್ರು, ನಾ ಅಲ್ರಿ!" ಅಂಗಡಿಯವನು ಕೈ ಮುಗಿದ.

"ರೊಕ್ಕಾ ಎಣಿಸಿಕೊಂಡಾವ ಯಾರು?"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಅತ್ತೆಯ ಪಾರ್ಟಿ ಸೇರಿದರು. "ಕೊಡೋ ಮಾರಾಯಾ, ಹಿರೇರು ಕೇಳಾಕತ್ತಾರ!" ಪಾಪ, ಆತ ನಕ್ಕೂ ನಕ್ಕೂ ಸುಸ್ತಾಗಿ, ಯಂತ್ರದ ದುಡ್ಡು ತಾನೇ ಕಟ್ಟಿ, ಆ ಬೀಗ ತೆಗೆಯುವ ಕೋಡ್ ಬರೆದುಕೊಟ್ಟ.

ಆ ಸಂಜೆ ನಮ್ಮ ಮನೆಯಲ್ಲಿ ಸುಗ್ಗಿಯೋ ಸುಗ್ಗಿ! ಅತ್ತೆ ಯಂತ್ರ ಓಡಿಸಿದರೆ ನಾವು "ಎಡಕ್ಕ! ಎಡಕ್ಕ!" ಎಂದು ಕಿರುಚಿದ್ದೇ ಕಿರುಚಿದ್ದು. ಏನಾಯಿತೋ ಎಂದು ಪಕ್ಕದ ಮನೆಯಾಕೆ ಲಟ್ಟಣಿಗೆ ಹಿಡಿದೇ ಓಡಿಬಂದಳು. ಮಳೆ ಬರುವ ಮೊದಲೇ ಟ್ರಾಲಿ ತುಂಬಿತು. ಎಷ್ಟೋ ತಿಂಗಳ ಮೇಲೆ ಅತ್ತೆಯ ಮುಖದಲ್ಲಿ ಆ ಗೆಲುವು ಕಂಡು ನನಗೆ ಕಣ್ಣೇ ತುಂಬಿ ಬಂತು.

ಮೂಲೆಯಲ್ಲಿ ಮಾತ್ರ ಒಂದಿಷ್ಟು ತೆನೆ ಹಾಗೇ ನಿಂತಿತ್ತು.

"ಅತ್ತಿ, ಅಲ್ಲೊಂಚೂರು ಉಳದೈತ್ರಿ."

"ಇರ್ಲಿ ಬಿಡು. ಅದು ಹಕ್ಕಿಗೋಳ ಕೊಸರು."

ಆ ಗೇಮಿನಲ್ಲಿ ಒಂದೇ ಒಂದು ಹಕ್ಕಿಯೂ ಇರಲಿಲ್ಲ. ಅತ್ತೆ ಚಹಾ ಕುಡಿಯಲು ಎದ್ದಾಗ ಮೆಲ್ಲಗೆ ಹುಡುಕಿ ನೋಡಿದೆ. ಹಕ್ಕಿಗಳನ್ನೂ ಬೇರೆ ಮಾರಾಟಕ್ಕಿಟ್ಟಿದ್ದರು. ತುಟಿಪಿಟಕ್ಕೆನ್ನದೆ ಕೊಂಡುಬಿಟ್ಟೆ.